ಟೇಪಿನ ಮಡಿಕೆ

ಅಮ್ಮ ಹೋದ ಮೇಲಾದರೂ ಸರಿಮಾಡೋಣವೆಂದು ಮೇನ್ ಸ್ವಿಚ್ ಆರಿಸಿ, ಸ್ಟೂಲು ಹತ್ತಿ ಕಾಲಿಂಗ್ ಬೆಲ್ಲಿನ ಮುಚ್ಚಳ ತೆಗೆದ ಮಗಳ ಕೈ ಅಲ್ಲೇ ನಿಂತಿತು. ಒಳಗೆ ಏನೂ ಸುಟ್ಟಿರಲಿಲ್ಲ. ಯಾರೋ ಬೇಕೆಂದೇ ಒಂದು ವೈರು ಬಿಚ್ಚಿ, ತುದಿಗೆ ಕಪ್ಪು ಟೇಪು ಸುತ್ತಿ, ಟೇಪಿನ ಕೊನೆಯನ್ನು ಚೂರು ಮಡಚಿದ್ದರು. ಇಸ್ತ್ರಿಪೆಟ್ಟಿಗೆಯಿರಲಿ, ರೇಡಿಯೋ ಇರಲಿ, ನಾಳೆ ಬಿಚ್ಚುವವರ ಉಗುರು ಮುರಿಯಬಾರದೆಂದು ಹಾಗೆ ಮಡಚುವವರು ಈ ಮನೆಯಲ್ಲಿ ಒಬ್ಬರೇ.

"ಅಪ್ಪಾ, ಇದು ಕೆಟ್ಟೇ ಇಲ್ವಲ್ಲ!"

ಸ್ಟೂಲು ಹಿಡಿದಿದ್ದ ಅಪ್ಪ ತಲೆಯೆತ್ತಲಿಲ್ಲ. "ಹಾಸಿಗೆ ಹಿಡಿದ ಮೇಲೆ ನಿಮ್ಮಮ್ಮನ ಕಿವಿ ಬಾಗಿಲ ಕಡೆಗೇ ಇರ್ತಿತ್ತು. ಒಂದು ನರಪಿಳ್ಳೆಯೂ ಬರ್ತಿರಲಿಲ್ಲ. ಬೆಲ್ಲು ಕೆಟ್ಟಿದೆ ಕಣೇ, ಬಂದೋರು ಒತ್ತಿ ಒತ್ತಿ ವಾಪಸ್ ಹೋಗಿರ್ತಾರೆ ಅಂದೆ. ಊರವರ ಫ್ಯಾನು, ಮಿಕ್ಸಿಯೆಲ್ಲ ರಿಪೇರಿ ಮಾಡ್ತೀರ, ಇದೊಂದು ಆಗಲ್ವಾ ಅಂತ ಕೊನೇವರೆಗೂ ಬೈತಿದ್ಲು."

ಮುಂದಿನ ವಾರ ಬರ್ತೀನಮ್ಮ ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದವಳು ಮಗಳು. ಅವಳು ಮಡಿಕೆ ಹಿಡಿದು ಟೇಪು ಬಿಚ್ಚಿ, ವೈರು ಸಿಕ್ಕಿಸಿ ಸ್ಕ್ರೂ ಬಿಗಿದಳು. ಮೇನ್ ಹಾಕಿ, ಹೊರಗೆ ಹೋಗಿ ಗುಂಡಿ ಒತ್ತಿದಳು. ಬೆಲ್ಲು ಮನೆ ತುಂಬ ಮೊಳಗಿತು.

ಅಪ್ಪ ಒಳಕೋಣೆಯ ಖಾಲಿ ಮಂಚದ ಕಡೆ ತಿರುಗಿ ಕೂಗಿದರು: "ನೋಡೇ, ಮಗಳು ಬಂದ್ಲು."