ಐದು ಜೋಡಿ ಎಳೆ

ಗೋಡೆಯ ಬುಡದ ಎರಡು ದಪ್ಪ ಹಾಸುಗಳ ನಡುವಿನ ಸಂದಿಯಲ್ಲಿ ಅಮ್ಮ ಬೆರಳು ತೂರಿಸಲು ನೋಡಿದಳು. ಹೋಗಲಿಲ್ಲ. ಕಿರುಬೆರಳಲ್ಲಿ ಪ್ರಯತ್ನಿಸಿದಳು, ಅದೂ ಹೋಗಲಿಲ್ಲ. ಎದ್ದು, ಹತ್ತುವವರ ಅಂಗೈಯಿಂದ ಉದುರಿ ಮಂಡಿಗೆ ಮೆತ್ತಿದ ಬಿಳಿ ಪುಡಿಯನ್ನು ಕೊಡವಿಕೊಂಡು, ಕೈಯಲ್ಲಿದ್ದ ಹಾಳೆಯ ಒಂಬತ್ತನೇ ಪ್ರಶ್ನೆಗೆ ಗುರುತು ಹಾಕಿದಳು.

"ಪೊಲೀಸರೂ ಇಷ್ಟು ವಿಚಾರಣೆ ಮಾಡಲ್ಲಮ್ಮ," ಎಂದು ಮಗಳು ಪಿಸುಗುಟ್ಟಿದಳು. ಅವಳಿಗೆ ಹನ್ನೊಂದು ವರ್ಷ. ಗೋಡೆ ಹತ್ತುವ ಇಂಥ ಎರಡು ಜಿಮ್‌ಗಳನ್ನು ಅಮ್ಮ ಆಗಲೇ ಬೇಡವೆಂದಿದ್ದಳು. ಒಂದರಲ್ಲಿ ಹಾಸು ಹರಿದಿತ್ತು. ಇನ್ನೊಂದರಲ್ಲಿ ಹಾಡಿನ ಅಬ್ಬರಕ್ಕೆ, ಮೇಲಿದ್ದವರು ಕೂಗಿಕೊಂಡರೂ ಕೆಳಗೆ ಕೇಳಿಸುತ್ತಿರಲಿಲ್ಲ. ಊರಲ್ಲಿ ಉಳಿದದ್ದು ಇದೊಂದೇ. ಇದೂ ಒಪ್ಪಿಗೆಯಾಗದಿದ್ದರೆ ಸುಮ್ಮನೆ ಚಿತ್ರಕಲೆ ತರಗತಿಗೆ ಹೋಗಬೇಕೆಂದು ಮನೆಯಲ್ಲಿ ಮಾತಾಗಿತ್ತು.

ಜಿಮ್‌ನ ಯಜಮಾನಿ, ಎಲ್ಲರೂ ಕೋಚ್ ಎಂದು ಕರೆಯುವ ನರೆಗೂದಲ ಹೆಂಗಸು, ಬೇಸರವಿಲ್ಲದೆ ಎಲ್ಲಕ್ಕೂ ಉತ್ತರ ಕೊಡುತ್ತಿದ್ದಳು. ಹಗ್ಗವಿಲ್ಲದೆ ಹತ್ತುವ ಗಿಡ್ಡ ಗೋಡೆ ಅತ್ತ, ಹಗ್ಗ ಕಟ್ಟಿಕೊಂಡು ಹತ್ತುವ ಎತ್ತರದ ಗೋಡೆ ಇತ್ತ. ಗೋಡೆಯ ಬಣ್ಣಬಣ್ಣದ ಹಿಡಿಗಳನ್ನು ಆಗಾಗ ಬಿಚ್ಚಿ, ತೊಳೆದು, ಹೊಸ ದಾರಿಯಾಗುವಂತೆ ಬೇರೆ ಕಡೆ ಬಿಗಿಯುತ್ತಾರೆ. ಸವೆದ ಹಗ್ಗವನ್ನು ಮತ್ತೆ ಬಳಸುವುದಿಲ್ಲ.

"ಮತ್ತೆ ಏನ್ಮಾಡ್ತೀರಿ ಅದನ್ನ?"

"ತುಂಡು ಮಾಡಿ ನಾಯಿಗೆ ಆಡೋಕೆ ಕೊಡ್ತೀನಿ. ಇದೂ ನಿಮ್ಮ ಪಟ್ಟೀಲಿತ್ತಾ?"

"ಇರ್ಲಿಲ್ಲ. ಈಗ ಹೊಳೀತು."

ಅಮ್ಮನಿಗೆ ಅವಳ ಅಕ್ಕ ಇಟ್ಟ ಹೆಸರು ಭೂತಗನ್ನಡಿ. ಆಸ್ಪತ್ರೆಯ ಔಷಧದ ಕೌಂಟರಿನಲ್ಲಿ ಹದಿನಾಲ್ಕು ವರ್ಷ ಡಾಕ್ಟರುಗಳ ಚೀಟಿ ಓದಿ ಓದಿ ಕಣ್ಣು ಹೀಗಾಗಿದೆ ಎಂದು ಅಮ್ಮ ಸಮಜಾಯಿಷಿ ಕೊಡುತ್ತಿದ್ದಳು. ಈಗ ಹಾಳೆಯ ಕೊನೆಯ ಪ್ರಶ್ನೆಗೆ ಬಂದಾಗ ಅವಳಿಗೇ ಸ್ವಲ್ಪ ಸಂಕೋಚವಾಯಿತು. "ತಪ್ಪು ತಿಳ್ಕೋಬೇಡಿ. ಒಂದು ಜಿಮ್ ಒಳ್ಳೇದು ಅಂತ ನೀವಾಗಿದ್ರೆ ಹೇಗೆ ಕಂಡುಹಿಡೀತಿದ್ರಿ?"

ಕೋಚ್ ಚಾವಣಿಯಿಂದ ಇಳಿಬಿದ್ದ ಹಗ್ಗದ ತುದಿಯನ್ನೂ ಒಂದು ಸೊಂಟಪಟ್ಟಿಯನ್ನೂ ಎಳೆದುಕೊಂಡು ಮಗಳ ಮುಂದೆ ಕೂತು ಗಂಟು ಹಾಕಿ ತೋರಿಸಿದಳು. "ನೋಡು ಪುಟ್ಟಿ, ಮೊದಲು ಎಂಟರ ಆಕಾರ. ಆಮೇಲೆ ತುದಿ ಸೊಂಟದ ಪಟ್ಟಿಯೊಳಗೆ ಹೋಗಿ, ಬಂದ ದಾರೀಲೇ ವಾಪಸ್ ಬರ್ಬೇಕು. ಎಲ್ಲಾ ಕಡೆ ಎಳೆ ಜೋಡಿಜೋಡಿ ಕಾಣ್ಬೇಕು. ಐದು ಜೋಡಿ. ಹತ್ತೋರು ಎಣಿಸ್ಬೇಕು, ಕೆಳಗಿದ್ದೋರೂ ಎಣಿಸ್ಬೇಕು. ಆಮೇಲೇನೇ ಕಾಲು ನೆಲ ಬಿಡೋದು." ಮಗಳು ಮುಟ್ಟಿ ಮುಟ್ಟಿ ಎಣಿಸಿದಳು. ಐದು.

"ಸರಿ, ನಾನು ಹತ್ತಿ ತೋರಿಸ್ತೀನಿ." ಕೋಚ್ ಗಂಟು ಬಿಚ್ಚಿ, ಅದೇ ಸೊಂಟಪಟ್ಟಿ ತೊಟ್ಟು, ಅವರಿಬ್ಬರ ಜೊತೆ ಹರಟುತ್ತಲೇ ಹೊಸದಾಗಿ ಕಟ್ಟಿಕೊಂಡಳು. ಹಗ್ಗದ ಇನ್ನೊಂದು ತುದಿ ಹಿಡಿಯಲು, ದಿನವೂ ಇಲ್ಲಿಗೆ ಬರುವ ಬೋಳುತಲೆಯ ಬಸ್ ಡ್ರೈವರ್ ಎದ್ದು ಬಂದ. ಕೋಚ್ ಹಳದಿ ಹಿಡಿಯೊಂದರ ಮೇಲೆ ಕೈಯಿಟ್ಟು ಹಿಂದಿರುಗಿ ನೋಡಿದಳು. "ಹತ್ತಲಾ?"

ಅಮ್ಮನ ಕಣ್ಣು ಆಗಲೇ ಗಂಟಿನ ಮೇಲಿತ್ತು. ಒಂದು, ಎರಡು, ಮೂರು, ನಾಲ್ಕು. ಮತ್ತೆ ಎಣಿಸಿದಳು. ನಾಲ್ಕೇ. ಕೊನೆಯ ಸುತ್ತಿನಲ್ಲಿ ಎಳೆ ಒಂಟಿಯಾಗಿತ್ತು. ಅನುಭವಸ್ಥರು ಹೀಗೂ ಕಟ್ಟುತ್ತಾರೇನೋ. ಇಪ್ಪತ್ತೈದು ವರ್ಷದಿಂದ ಹತ್ತುತ್ತಿರುವವಳು. ಏನಾದರೂ ಹೆಚ್ಚುಕಮ್ಮಿ ಇದ್ದರೆ ಆ ಡ್ರೈವರಾದರೂ ಹೇಳುತ್ತಿದ್ದನಲ್ಲ. ಅವನು ಚಾವಣಿಯ ಫ್ಯಾನು ನೋಡುತ್ತಾ ನಿಂತಿದ್ದ. ಈಗಾಗಲೇ ಇಪ್ಪತ್ತಮೂರು ಪ್ರಶ್ನೆ ಕೇಳಿಯಾಗಿದೆ; ಇನ್ನೊಂದು ಕೇಳಿದರೆ ಏನಂದುಕೊಂಡಾರು?

"ಬೇಡ, ಬೇಡ! ನಿಲ್ಲಿ!" ಮಗಳು ಓಡಿಹೋಗಿ ಕೋಚ್‌ನ ಸೊಂಟಪಟ್ಟಿಯನ್ನೇ ಹಿಡಿದುಕೊಂಡಳು. "ಒಂದು ಜೋಡಿ ಕಮ್ಮಿ ಇದೆ ಆಂಟಿ!"

ಡ್ರೈವರ್ ಫ್ಯಾನಿನಿಂದ ಕಣ್ಣು ಕೆಳಗಿಳಿಸಿ ನಕ್ಕ. ಕೋಚ್ ಹಿಡಿಯಿಂದ ಕೈ ತೆಗೆದು, ತುದಿಯನ್ನು ಸರಿಯಾದ ದಾರಿಯಲ್ಲಿ ತಂದು ಎಳೆದು ಬಿಗಿ ಮಾಡಿದಳು. "ಬೇಕಂತಲೇ ಬಿಟ್ಟಿದ್ದೆ. ಹೊಸಬರು ಬಂದಾಗೆಲ್ಲ ಬಿಡ್ತೀನಿ. ನೀವು ಯಾರೂ ಬಾಯಿ ಬಿಡದಿದ್ರೂ ನಾನು ಹತ್ತುತ್ತಾ ಇರ್ಲಿಲ್ಲ, ಗಾಬರಿ ಆಗ್ಬೇಡಿ." ಆಮೇಲೆ ಅಮ್ಮನ ಕಡೆ ತಿರುಗಿದಳು. "ನೀವು ಕೇಳಿದ್ರಲ್ಲ ಮೇಡಂ, ಕೊನೇ ಪ್ರಶ್ನೆ. ಹಾಸು, ಹಗ್ಗ ಎಲ್ಲಾ ಅಂಗಡೀಲಿ ಸಿಗುತ್ತೆ. ನಾನಾಗಿದ್ರೆ, ಇವತ್ತು ಬಂದ ಮಗು ಯಜಮಾನೀನ ನಿಲ್ಲಿ ಅಂದಾಗ ಯಜಮಾನಿ ನಿಲ್ತಾಳಾ ಅಂತ ನೋಡ್ತಿದ್ದೆ."

"ದೊಡ್ಡೋರು ಹೇಳಲ್ವಾ?" ಅಮ್ಮನ ದನಿ ಸಣ್ಣಗಿತ್ತು.

"ಕಮ್ಮಿ. ನೋಡಿರ್ತಾರೆ, ಮುಖದಲ್ಲೇ ಗೊತ್ತಾಗುತ್ತೆ."

ಅಮ್ಮ ಅರ್ಜಿ ತುಂಬಿ ಸಹಿ ಹಾಕಿದಳು. ಮಗಳು ಅಲ್ಲೇ ಎರಡು ಸಲ ಕುಪ್ಪಳಿಸಿ, ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಶೂ ಹಾಕಿಕೊಳ್ಳತೊಡಗಿದಳು. ಒಂದು ಲೇಸು ಕಟ್ಟಿದವಳು ಇನ್ನೊಂದನ್ನು ಕೈಯಲ್ಲಿ ಹಿಡಿದು ತಲೆಯೆತ್ತಿದಳು.

"ಅಮ್ಮಾ, ನೀನೂ ಎಣಿಸಿದ್ದೆ ಅಲ್ವಾ? ನಿನ್ನ ತುಟಿ ಅಲ್ಲಾಡ್ತಿತ್ತು."

"ಹ್ಞೂಂ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಇಷ್ಟು ವರ್ಷದ ಅನುಭವ ಇರೋರು... ಅವ್ರಿಗೆ ಗೊತ್ತಿರುತ್ತೆ ಅಂದ್ಕೊಂಡೆ."

ಮಗಳು ಇನ್ನೊಂದು ಲೇಸನ್ನೂ ಕಟ್ಟಿ ಮತ್ತೆ ತಲೆಯೆತ್ತಿದಳು. ಆ ಮುಖದಲ್ಲಿ ಆಕ್ಷೇಪಣೆಯಿರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು.

"ಡಾಕ್ಟ್ರ ಚೀಟಿ ಓದುವಾಗ್ಲೂ ಹಾಗೇ ಅಂದ್ಕೋತೀಯಾ?"