ಅಳಿಸಿದ ನಂಬರು

"ಅಪ್ಪಾ, ಮೂವತ್ತು ಚಿಪ್ ಕೆಟ್ಟವಂತೆ." ತೃಪ್ತಿ ಲ್ಯಾಪ್‌ಟಾಪನ್ನು ತಂದೆಯ ಕಡೆ ತಿರುಗಿಸಿದಳು. "ನಮಗೆ ಕಳಿಸಿದ ಇನ್ನೂರರಲ್ಲಿ ಮೂವತ್ತು. ಈಗ ಚೆನ್ನಾಗೇ ಹಾಡ್ತವೆ, ಟೆಸ್ಟ್ ಮಾಡಿದ್ರೂ ಗೊತ್ತಾಗಲ್ಲ. ಆದ್ರೆ ತುಂಬ ಹೊತ್ತು ಓಡಿ ಕಾದ್ರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ಕೋಬಹುದು ಅಂತ ಕಂಪನಿಯವರು ಬರೆದಿದಾರೆ."

ವಿಷ್ಣುತೀರ್ಥ ಕನ್ನಡಕ ಏರಿಸಿ ಎರಡು ಸಲ ಓದಿದರು. ಎಲ್ಲೋ ದೂರದ ದೇಶದಲ್ಲಿ ಆರೇ ಜನ ಸೇರಿ ಮಾಡುವ ಚಿಪ್ ಅದು. ಅದೊಂದನ್ನೇ ನಂಬಿ ಅವರು ಕ್ರೋಂಪೇಟೆಯ ಈ ಮಹಡಿ ಕೋಣೆಯಲ್ಲಿ ಕೂತು ಕೈಯಾರೆ ಆಂಪ್ಲಿಫೈಯರ್ ಕಟ್ಟುತ್ತಿದ್ದರು. ಬೆಲೆ ಕೇಳಿ ಹುಬ್ಬೇರಿಸಿದವರು ಒಂದು ಹಾಡು ಕೇಳಿದ ಮೇಲೆ ಚೌಕಾಸಿ ಮರೆಯುತ್ತಿದ್ದರು.

"ಕೆಟ್ಟದ್ದು ಯಾವುದು ಅಂತ ಹಿಡಿಯೋದು ಈಸಿ" ಎಂದಳು ತೃಪ್ತಿ. "ಚಿಪ್ ಮೇಲಿನ ನಂಬರು ನಾಲ್ಕರಿಂದ ಶುರುವಾಗಿದ್ರೆ ಕೆಟ್ಟದ್ದು. ಅಷ್ಟೇ. ಎಲ್ಲಿವೆ, ಇನ್ನೂ ಹಾಕದೆ ಉಳಿದವು?"

ತಂದೆ ಒಂದು ಬಿಸ್ಕತ್ತಿನ ಡಬ್ಬಿಯನ್ನು ಮುಂದೆ ತಳ್ಳಿದರು. ಅವಳು ಒಂದು ಚಿಪ್ ತೆಗೆದು ದೀಪಕ್ಕೆ ಹಿಡಿದಳು. ಇನ್ನೊಂದು ತೆಗೆದಳು. ಹದಿನಾರನ್ನೂ ಮೇಜಿನ ಮೇಲೆ ಸುರಿದುಕೊಂಡಳು. ಎಲ್ಲವೂ ಬೋಳು.

"ನಂಬರ್ ಎಲ್ಲಿ?"

"ಉಜ್ಜಿದೀನಿ."

"ಎಲ್ಲದರದ್ದೂವಾ?"

"ಬಂದ ದಿನಾನೇ. ಉಪ್ಪುಕಾಗದದಲ್ಲಿ."

ಯಾರಾದರೂ ಮುಚ್ಚಳ ಬಿಚ್ಚಿ ಚಿಪ್ಪಿನ ಹೆಸರು ಓದಿ ನಕಲು ಹೊಡೆದುಬಿಟ್ಟರೆ ಎಂಬ ಭಯ ಅವರಿಗೆ. ಪಾರ್ಸೆಲ್ ಬಂದ ದಿನ ಬಾಗಿಲು ಹಾಕಿಕೊಂಡು, ಒಂದೊಂದನ್ನೂ ಎಡಗೈ ಹೆಬ್ಬೆರಳಲ್ಲಿ ಒತ್ತಿಹಿಡಿದು, ಹೆಸರು ನಂಬರು ಎರಡೂ ಹೋಗುವ ತನಕ ಉಜ್ಜುತ್ತಿದ್ದರು. ಆಮೇಲೆ ಎಲ್ಲವೂ ಒಂದೇ ಡಬ್ಬಿಗೆ. ಅಲ್ಲಿಂದ ಮೀಟರಿಗೆ ಹಚ್ಚಿ, ಒಂದಕ್ಕೊಂದು ಸರಿಹೊಂದುವ ಎರಡನ್ನು ಆರಿಸಿ ಪೆಟ್ಟಿಗೆಗೆ ಕೂರಿಸುವುದು. ಹೆತ್ತ ಮಗಳಿಗೂ ಚಿಪ್ಪಿನ ಹೆಸರು ಹೇಳಿದ್ದು ಹೋದ ವರ್ಷ, ಕಣ್ಣು ಮಂಜಾಗಿ ಪತ್ರವ್ಯವಹಾರ ಅವಳ ಕೈಗೆ ಬಂದ ಮೇಲೆ. ಗುಟ್ಟು ಎಷ್ಟು ಭದ್ರವಾಗಿತ್ತೆಂದರೆ ಈಗ ಅದು ಅವರಿಗೂ ತಿಳಿಯದಂತಾಗಿತ್ತು. ತೊಂಬತ್ತೆರಡು ಮನೆಗಳಲ್ಲಿ ತೊಂಬತ್ತೆರಡು ಆಂಪ್ಲಿಫೈಯರ್. ಅವುಗಳಲ್ಲಿ ಬೆಂಕಿ ಯಾವುದರ ಹೊಟ್ಟೆಯಲ್ಲಿದೆಯೋ ದೇವರೇ ಬಲ್ಲ.

"ಎಲ್ಲರಿಗೂ ಫೋನ್ ಮಾಡಿ ಆಫ್ ಮಾಡಿಸ್ಬೇಕು. ಈಗಲೇ" ಎಂದಳು ತೃಪ್ತಿ. "ಯಾರು ಜಾಸ್ತಿ ಹೊತ್ತು ಹಾಕ್ಕೊಂಡಿರ್ತಾರೆ? ಅವರಿಂದ ಶುರು ಮಾಡು."

ಯೋಚಿಸಬೇಕಾಗಿರಲಿಲ್ಲ. ತ್ರಿಪ್ಲಿಕೇನಿನ ಅಂಬುಜಮ್ಮ. ಸೊಂಟ ಮುರಿದು ಹಾಸಿಗೆ ಹಿಡಿದು ಎರಡು ವರ್ಷ. ತೀರಿಹೋದ ಯಜಮಾನರು ದೇವರನಾಮ ಹಾಡಿ ತುಂಬಿಟ್ಟ ಟೇಪುಗಳನ್ನು ಬೆಳಗಾದರೆ ಹಚ್ಚಿಸಿಕೊಂಡು ಮಲಗಿರುತ್ತಿದ್ದರು. ಸ್ವಿಚ್ ಅವರ ಕೈಗೆ ಎಟುಕುವುದಿಲ್ಲ. ಹಾಕುವುದೂ ಆರಿಸುವುದೂ, ಅವರನ್ನು ನೋಡಿಕೊಳ್ಳಲು ಇಟ್ಟುಕೊಂಡ ಜಲಜಾ.

ವಿಷ್ಣುತೀರ್ಥ ಸ್ಪೀಕರ್‌ಫೋನ್ ಹಾಕಿದರು. ಆ ಕಡೆಯಿಂದ ಮೊದಲು ಕೇಳಿಸಿದ್ದು ಹಾಡು.

"ಅಂಬುಜಮ್ಮಾ, ನಾನು ವಿಷ್ಣು. ಆ ಆಂಪ್ಲಿಫೈಯರ್ ಸ್ವಲ್ಪ ಆರಿಸಿಬಿಡಿ. ಜಲಜಾನ ಕರೀರಿ."

"ಯಾಕಪ್ಪಾ?"

"ಕೆಲವು ಚಿಪ್ಪಲ್ಲಿ ಏನೋ ದೋಷ ಇದೆಯಂತೆ."

"ನಂದರಲ್ಲಿ ಇರೋದು ಒಳ್ಳೇದಾ, ಕೆಟ್ಟದಾ?"

ಗೊತ್ತಿಲ್ಲ ಎನ್ನಬೇಕಿತ್ತು. ತಾನು ಕಟ್ಟಿದ ಪೆಟ್ಟಿಗೆಯೊಳಗೆ ಏನಿದೆಯೆಂದು ತನಗೇ ಗೊತ್ತಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಎದುರಿಗೆ ಮಗಳು ಬೇರೆ ನೋಡುತ್ತ ನಿಂತಿದ್ದಳು.

"ನಿಮ್ದು... ಒಳ್ಳೇದೇ ಇರಬೇಕು" ಎಂದರು.

"ಮತ್ತೆ ಸುಮ್ಮಾ ಯಾಕೆ ಹೆದರಿಸ್ತೀ?" ಅಂಬುಜಮ್ಮ ನಕ್ಕರು. "ನಿನ್ನ ಪೆಟ್ಟಿಗೇಲಿ ಅವರು ಉಸಿರು ತೊಗೊಳ್ಳೋದೂ ಕೇಳ್ತದೆ ಕಣೋ. ಈ ಟೇಪು ಮುಗೀಲಿ. ಅಪ್ಪುರಂ ಜಲಜಾ ಹತ್ರ ಹೇಳಿ ಆರಿಸ್ತೀನಿ." ಫೋನನ್ನು ಕಟ್ ಮಾಡದೆ ಹಾಸಿಗೆಯ ಮೇಲೆ ಹಾಗೇ ಇಟ್ಟ ಸದ್ದಾಯಿತು.

"ಒಳ್ಳೇದೇ ಇರಬೇಕು ಅಂತ ಹೇಗೆ ಹೇಳ್ದೆ ಅಪ್ಪಾ?" ಎಂದಳು ತೃಪ್ತಿ. "ನಿಂಗೆ ಗೊತ್ತಾ?"

ವಿಷ್ಣುತೀರ್ಥ "ಅಂಬುಜಮ್ಮಾ! ಅಂಬುಜಮ್ಮಾ, ಕೇಳಿಸ್ತಿದೆಯಾ?" ಎಂದು ಫೋನಿಗೆ ಬಾಯಿಟ್ಟು ಕೂಗಿದರು. ಅಲ್ಲಿ ಹಾಡು ಜೋರಾಗಿತ್ತು. ತಾನು ಕಟ್ಟಿದ ಯಂತ್ರದ ದನಿಯನ್ನು ಫೋನಿನಲ್ಲಿ ಅವರು ಹಿಂದೆಂದೂ ಕೇಳಿರಲಿಲ್ಲ. ಇಷ್ಟು ಸಣ್ಣ ಫೋನಿನಲ್ಲೂ ಅದು ಚೆನ್ನಾಗಿಯೇ ಇತ್ತು. ನಿಲ್ಲು, ಒಮ್ಮೆ ನಿಂತುಬಿಡು ಎಂದು ಮನಸ್ಸಿನಲ್ಲೇ ಅದಕ್ಕೆ ಕೈಮುಗಿದರು. ತೃಪ್ತಿ ತನ್ನ ಫೋನಿನಲ್ಲಿ ಜಲಜಾಳ ನಂಬರು ಹುಡುಕತೊಡಗಿದಳು. ಅದು ಇಬ್ಬರ ಬಳಿಯೂ ಇರಲಿಲ್ಲ.

ಸಾಲಿನ ನಡುವೆ ಹಾಡು ನಿಂತಿತು.

"ಸದ್ಯ!" ತೃಪ್ತಿ ಕುರ್ಚಿಯಲ್ಲಿ ಕುಸಿದು ಕೂತಳು. "ಜಲಜಾ ಬಂದು ಆಫ್ ಮಾಡಿದ್ಲು ಅನ್ಸುತ್ತೆ ಅಪ್ಪಾ."

ವಿಷ್ಣುತೀರ್ಥರಿಗೂ ಹೋದ ಜೀವ ಬಂದಂತಾಯಿತು. ಫೋನಿನಲ್ಲಿ ಈಗ ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಆಮೇಲೆ ಅಂಬುಜಮ್ಮನ ದನಿ, ಅಡಿಗೆಮನೆಗೆ ಕೇಳಿಸುವಷ್ಟು ದೊಡ್ಡದಾಗಿ:

"ಜಲಜಾ, ಒಲೆ ಮೇಲೆ ಏನಿಟ್ಟಿದೀಯಮ್ಮಾ? ಏನೋ ಸುಟ್ಟ ವಾಸನೆ ಬರ್ತಾ ಇದೆ."