ಮೊಟ್ಟೆಯಾಕಾರದ ಚೌಕಟ್ಟು

ಹುಡುಗಿಯ ಫೋಟೋವನ್ನು ಹೂವಯ್ಯ ಭೂತಗನ್ನಡಿ ಹಿಡಿದು ಮತ್ತೊಮ್ಮೆ ಜಾಲಾಡಿದ. ಪೆನ್ಸಿಲ್ ತಿದ್ದುಪಡಿ ಇಲ್ಲ. ಬಣ್ಣ ಬಳಿದಿಲ್ಲ. ಕೆನ್ನೆ ಬೆಣ್ಣೆಯಂತಿತ್ತು. ಮೊಟ್ಟೆಯಾಕಾರದ ಚೌಕಟ್ಟು ಹಾಕಿಸಿದವರಿಗೆ ಅಭಿರುಚಿಯೂ ಇತ್ತು. ಅವನೂ ಅದನ್ನೇ ಹಾಕುತ್ತಿದ್ದ.

ರಿಪ್ಪನ್‌ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಅವನಿಗೆ ಫೋಟೋಗಳ ಮೇಲೆ ನಂಬಿಕೆ ಇರಲಿಲ್ಲ. ಅದೂ ಆ ಹಳೆಯ ಜರ್ಮನ್ ಲೆನ್ಸ್ ಕೊಂಡ ಮೇಲೆ.

ಅರವತ್ತಮೂರರ ಬೇಸಿಗೆಯಲ್ಲಿ, ತೀರ್ಥಹಳ್ಳಿಯ ತನ್ನ ಸ್ಟುಡಿಯೋ ಮುಚ್ಚುತ್ತಿದ್ದ ಕೆರಿಯಪ್ಪನೆಂಬ ಮುದುಕ ಅದನ್ನು ಮಾರಿದ್ದ. ಹಿತ್ತಾಳೆಯ ಮೈ, ಮಸುಕು ಹಿಡಿದ ಗಾಜು, ಅಂಚಿನಲ್ಲಿ ಚಕ್ಕೆ ಬೇರೆ ಎದ್ದಿತ್ತು. ಮುದುಕ ಲೆನ್ಸಿನ ಗುಣಗಾನ ಮಾಡಲಿಲ್ಲ. ಹೂವಯ್ಯನ ಮುಖವನ್ನೇ ದಿಟ್ಟಿಸಿ, "ಮದ್ವೆ ಆಗಿದ್ಯಾ?" ಎಂದ. ಇಲ್ಲವೆಂದಾಗ ಬೆಲೆಯನ್ನು ತಾನಾಗಿಯೇ ಇಳಿಸಿದ. "ತಗಂಡ್ ಹೋಗು. ನಮ್ಮನೇಲಿ ಇದರ ಕೆಲ್ಸ ಮುಗೀತು."

ಮುದುಕನಿಗೆ ಅರಳುಮರಳು ಎಂದು ಹೂವಯ್ಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಳಗೊಳಗೇ ನಕ್ಕಿದ್ದ.

ಆ ಮಸುಕು ಗಾಜಿನಲ್ಲಿ ಸುಕ್ಕು, ಕಲೆ, ವಯಸ್ಸು ಎಲ್ಲ ಕರಗಿಹೋಗುತ್ತಿದ್ದವು. ಚಕ್ಕೆಯಿಂದಾಗಿ ಪ್ರತಿ ಪಟದ ಮೇಲ್ಮೂಲೆಯಲ್ಲೂ ಕುಡುಗೋಲಿನಂಥ ಬಿಳಿ ಗುರುತು ಬೀಳುತ್ತಿತ್ತು. ಅದನ್ನು ಮೊಟ್ಟೆಯಾಕಾರದ ಚೌಕಟ್ಟು ಮುಚ್ಚುತ್ತಿತ್ತು. ಸಾಗರದಿಂದ, ಹೊಸನಗರದಿಂದ ಜನ ಹೆಣ್ಣುಮಕ್ಕಳನ್ನು ಕರೆತಂದರು. ಮೋಸಹೋಗಲಿರುವ ಗಂಡುಗಳ ಬಗ್ಗೆ ಹೂವಯ್ಯನಿಗೆ ಕನಿಕರವಿತ್ತು, ಬಿಡುವಿದ್ದಾಗ.

ಅಷ್ಟರಲ್ಲಿ ಮದುವೆ ದಲ್ಲಾಳಿ ಮಾರಪ್ಪ ಕರೆಯದೆಯೇ ಬಂದು, ಈ ಫೋಟೋ ಕೊಟ್ಟು, ಅರಳಸುರಳಿಯ ಸಂಬಂಧ ಹೇಳಿದ. ಹೂವಯ್ಯನಿಗೆ ನಲವತ್ತು ಹತ್ತಿರವಾಗಿತ್ತು. ಸಿಡುಬಿನ ಕಲೆ ತುಂಬಿದ ಅವನ ಮುಖ ನೋಡಿದ ಮನೆಯವರೆಲ್ಲ ಈವರೆಗೆ ಕಾಫಿ ಕೊಟ್ಟು ಕಳಿಸಿದ್ದರು. ಇದೂ ತಪ್ಪಿದರೆ ಮುಂದೆ ತನ್ನನ್ನು ಕೇಳಬೇಡ ಎಂದ ಮಾರಪ್ಪ.

ಹೂವಯ್ಯ ತಾನೂ ಲೆನ್ಸಿನೆದುರು ಕೂತ. ನುಣುಪಾದ ಹೂವಯ್ಯ ಅಂಚೆಯಲ್ಲಿ ಅರಳಸುರಳಿಗೆ ಹೋದ. ಒಪ್ಪಿಗೆ ಬಂತು. ಉಳಿದ ಹೂವಯ್ಯ ಬಸ್ಸು ಹತ್ತಿದ.

ಹೆಣ್ಣಿನ ಮನೆಯ ಜಗುಲಿಯಲ್ಲಿ ಅವನು ಬೆಳಕಿಗೆ ಬೆನ್ನು ಹಾಕಿ ಕೂತ. ಬೆಳಕು ಮುಖದ ಮೇಲೆ ಎಲ್ಲಿ ಬೀಳಬಾರದು ಎಂದು ಅರಿಯುವುದೇ ಅವನ ಕಸುಬು. ಹುಡುಗಿ ವರದಮ್ಮ ಕಾಫಿ ತಂದಳು. ಅವಳ ಮುಖದ ತುಂಬ ಸಿಡುಬಿನ ಕಲೆಗಳಿದ್ದವು.

ಹೂವಯ್ಯನ ಮೈ ಉರಿಯಿತು. ಮದುವೆಯ ವಿಷಯದಲ್ಲಿ ಹೀಗೆ ಹಸಿ ಸುಳ್ಳು ಹೇಳುವವರೂ ಇರುತ್ತಾರಲ್ಲ ಎಂದುಕೊಂಡ. ತನ್ನ ಮುಖ ಅವನಿಗೆ ಆಗ ನೆನಪಾಗಲಿಲ್ಲ.

"ನಿಮ್ಮ ಫೋಟೋ ತೆಗೆದೋರು ಯಾರು?" ಎಂದ, ಪೊಲೀಸಿನವನಂತೆ.

"ನಮ್ಮ ಸೋದರಮಾವ. ತೀರ್ಥಹಳ್ಳಿ ಕೆರಿಯಪ್ಪ."

ಹೂವಯ್ಯನ ಲೋಟ ತುಟಿಯ ಹತ್ತಿರವೇ ನಿಂತಿತು. ವರದಮ್ಮ ಅವನು ಕಳಿಸಿದ್ದ ಫೋಟೋವನ್ನು ಅವನ ಮುಂದಿಟ್ಟಳು. ಅದರ ಚೌಕಟ್ಟನ್ನು ಯಾವತ್ತೋ ಕಿತ್ತು ತೆಗೆದಿದ್ದರು. ಮೇಲ್ಮೂಲೆಯಲ್ಲಿ ಬಿಳಿ ಕುಡುಗೋಲು ಹೊಳೆಯುತ್ತಿತ್ತು.

"ನನ್ ಫೋಟೋದಲ್ಲೂ ಉಂಟು. ಈ ಗುರುತು ನೋಡ್ಕಂಡೇ ನಾನು ಒಪ್ಪಿದ್ದು," ಎಂದಳು. "ಕಾಫಿ ಆರ್ತದೆ, ಕುಡೀರಿ."